ಡಾಸ್ ಕಾಲದ ಬಿಬಿಎಸ್ ಯುನಿಕ್ಸ್‌ಗೆ: ಮೊದಲು ಕಡತ, ಆಮೇಲೆ ತಂತಿ, ಕೊನೆಗೆ ಪರದೆ

ಹಳೆಯ ಬಿಬಿಎಸ್ (ಮೋಡೆಮ್‌ನಿಂದ ಕರೆಮಾಡಿ ಸಂದೇಶ, ಕಡತ, ಆಟ ಹಂಚಿಕೊಳ್ಳುತ್ತಿದ್ದ ಬುಲೆಟಿನ್ ಬೋರ್ಡ್ ಸಿಸ್ಟಮ್) ಒಂದರ ಸೋರ್ಸ್ ಕೈಗೆ ಸಿಕ್ಕ ಕೂಡಲೇ ಎಲ್ಲರೂ ಮಾಡುವುದು ಒಂದೇ. ಜಿಸಿಸಿ ಎಂಬ ಸಿ ಕಂಪೈಲರ್‌ಗೆ ಕೊಟ್ಟು, ಬರುವ ಎರರ್‌ಗಳನ್ನು ಮೇಲಿನಿಂದ ಒಂದೊಂದಾಗಿ ಬಡಿಯುತ್ತಾ ಹೋಗುತ್ತಾರೆ. ಕೆಲವು ವಾರಗಳಲ್ಲಿ ಕಂಪೈಲ್ ಆಗುತ್ತದೆ, ಲಾಗಿನ್ ಪರದೆಯೂ ಮೂಡುತ್ತದೆ. ಬಳಕೆದಾರರ ಪಟ್ಟಿ ತೆರೆದರೆ ಮೊದಲನೆಯವರ ಹೆಸರು ಸರಿಯಾಗಿದೆ. ಎರಡನೆಯವರ ಹೆಸರು ಮಾತ್ರ ನಡುವಿನಿಂದ ಶುರುವಾಗುತ್ತದೆ, ಮೂರನೆಯದು ಬರೀ ಕಸ. ಈ ಸ್ಥಿತಿಯಲ್ಲಿ ಯಾರಾದರೂ ಒಬ್ಬರು ಲಾಗಾಫ್ ಆದರೆ ಸಾಕು, ಪ್ರೋಗ್ರಾಂ ಆ ಕಸವನ್ನೇ ಕಡತಕ್ಕೆ ವಾಪಸ್ ಬರೆಯುತ್ತದೆ. ಇಪ್ಪತ್ತು ಮೂವತ್ತು ವರ್ಷ ಉಳಿದುಬಂದ ಡೇಟಾ ಒಂದೇ ಸಂಜೆಗೆ ಹೋಯಿತು.

ಆದ್ದರಿಂದ ಇವತ್ತು ಕೆಲಸವನ್ನು ತಲೆಕೆಳಗು ಮಾಡಿ ಹೇಳುತ್ತೇನೆ. ಕಂಪೈಲರ್ ಎರರ್‌ಗಳು ಇದರಲ್ಲಿ ಸುಲಭದ ಭಾಗ, ಏಕೆಂದರೆ ಅವು ಕೂಗಿ ಹೇಳುತ್ತವೆ. ಡಾಸ್ ಪ್ರೋಗ್ರಾಂ ಬರೆದವರು ಎಲ್ಲೂ ಬರೆದಿಡದೆ ನಂಬಿಕೊಂಡಿದ್ದ ಸಂಗತಿಗಳು ಇವೆಯಲ್ಲ, ಅವು ಕೂಗುವುದಿಲ್ಲ. ಇಂಟ್ ಅಂದರೆ 2 ಬೈಟ್, ಕಡತದ ಹೆಸರಿನಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಒಂದೇ, ಪರದೆ 80 ಅಂಕಣ, ಪ್ರೊಸೆಸರ್ ಪೂರ್ತಿ ನನ್ನದೇ. ಅಂಥವನ್ನು ಹುಡುಕುವುದೇ ಪೋರ್ಟಿಂಗ್, ಅಂದರೆ ಒಂದು ವ್ಯವಸ್ಥೆಯ ಪ್ರೋಗ್ರಾಮನ್ನು ಇನ್ನೊಂದಕ್ಕೆ ತರುವ ಕೆಲಸ.

ಮೊದಲು ಕಡತ. ಒಂದು ಪುಟ್ಟ ರೆಕಾರ್ಡ್ ತೆಗೆದುಕೊಳ್ಳಿ: 36 ಅಕ್ಷರದ ಹೆಸರು, ಒಂದು ಇಂಟ್, ಒಂದು ಲಾಂಗ್, ಒಂದು ಚಾರ್. ಟರ್ಬೊ ಸಿ ಇದಕ್ಕೆ 36+2+4+1, ಅಂದರೆ 43 ಬೈಟ್ ಕೊಡುತ್ತಿತ್ತು. ನಡುವೆ ಖಾಲಿ ಜಾಗ ಬಿಡುವುದು ಅದರ ರೂಢಿಯಲ್ಲ, ನೀವಾಗಿ ಕೇಳಿದರೆ ಮಾತ್ರ. ಅದೇ ಸ್ಟ್ರಕ್ಟನ್ನು 64 ಬಿಟ್ ಲಿನಕ್ಸ್‌ನಲ್ಲಿ ಹಾಗೆಯೇ ಕಂಪೈಲ್ ಮಾಡಿ: ಇಂಟ್ 4 ಆಯಿತು, ಲಾಂಗ್ 8 ಆಯಿತು, ಕೊನೆಯ ಚಾರ್ ಆದಮೇಲೆ 7 ಬೈಟ್ ತುಂಬುಜಾಗ ಬಂತು, ಒಟ್ಟು 56. ಸರಿ, ಇಂಟ್ ಜಾಗಕ್ಕೆ 16 ಬಿಟ್ ವಿಧ, ಲಾಂಗ್ ಜಾಗಕ್ಕೆ 32 ಬಿಟ್ ವಿಧ ಹಾಕಿದಿರಿ ಅನ್ನೋಣ. ಆಗಲೂ 48 ಬರುತ್ತದೆ, 43 ಅಲ್ಲ. 32 ಬಿಟ್ ಸಂಖ್ಯೆಯನ್ನು 4ರ ಗುಣಕದಲ್ಲಿ ಕೂರಿಸಲು ಕಂಪೈಲರ್ 2 ಬೈಟ್ ಬಿಟ್ಟಿತು, ಕೊನೆಗೆ ಇನ್ನು 3. ತುಂಬುಜಾಗ ಬಿಡಬೇಡ ಎನ್ನುವ ಪ್ರಾಗ್ಮಾ ಪ್ಯಾಕ್ 1 ಹಾಕಿದ ಮೇಲಷ್ಟೇ 43.

ಇಲ್ಲಿ ತುಂಬಾ ಜನ ಅರ್ಧಕ್ಕೆ ನಿಲ್ಲುತ್ತಾರೆ. ವಿಧ ಬದಲಿಸಿ ಪ್ಯಾಕ್ ಮರೆಯುತ್ತಾರೆ, ಇಲ್ಲವೇ ಪ್ಯಾಕ್ ಮಾಡಿ ವಿಧ ಮರೆಯುತ್ತಾರೆ. ಎರಡೂ ಬೇಕು. ಜೊತೆಗೆ ಪ್ರತಿ ಸ್ಟ್ರಕ್ಟ್ ಕೆಳಗೆ ಒಂದು ಸ್ಟ್ಯಾಟಿಕ್ ಅಸರ್ಟ್ ಬರೆಯಿರಿ, ಅಳತೆ 43 ಅಲ್ಲದಿದ್ದರೆ ಕಂಪೈಲೇ ಆಗಬಾರದು. 43 ಎಂಬುದು ಎಲ್ಲಿಂದ ಬರಬೇಕು? ಸೋರ್ಸ್‌ನಿಂದ ಲೆಕ್ಕ ಹಾಕಬೇಡಿ. ಹಳೆಯ ಕಡತದ ಗಾತ್ರವನ್ನು ಬಳಕೆದಾರರ ಸಂಖ್ಯೆಯಿಂದ ಭಾಗಿಸಿ, ಶೇಷ ಉಳಿಯಬಾರದು. ಶೇಷ ಉಳಿದರೆ ಕಡತಕ್ಕೆ ಬೇರೆ ಹೆಡರ್ ಇದೆ, ಅಥವಾ ನಿಮ್ಮ ಕೈಲಿರುವ ಸೋರ್ಸ್ ಆ ಡೇಟಾದ ಆವೃತ್ತಿಯದ್ದಲ್ಲ. ಎರಡನೆಯದು ಅಪರೂಪವೇನೂ ಅಲ್ಲ.

ನಿಜವಾದ ಒಂದು ಉದಾಹರಣೆ ಬೇಕೆಂದರೆ ಜಾಮ್ ಸಂದೇಶ ಭಂಡಾರ ನೋಡಿ, ಬಿಬಿಎಸ್‌ಗಳು ಪತ್ರಗಳನ್ನು ಇಡುತ್ತಿದ್ದ ಒಂದು ಕಡತ ರೂಪ. ಅದರ ಹೆಡರ್ ಕಡತದ ಮೊದಲ ಭಾಗ ಸರಿಯಾಗಿ 1024 ಬೈಟ್: 4 ಬೈಟ್ ಸಹಿ, 4 ಬೈಟ್‌ನ ಐದು ಸಂಖ್ಯೆಗಳು, ಮುಂದಿನ ಉಪಯೋಗಕ್ಕೆಂದು 1000 ಬೈಟ್. ಆ ಐದನ್ನೂ ಅನ್‌ಸೈನ್ಡ್ ಲಾಂಗ್ ಎಂದು ಬರೆದ ಹಳೆಯ ಕೋಡ್ 64 ಬಿಟ್‌ನಲ್ಲಿ 1048 ಓದುತ್ತದೆ. ಸಹಿ ಸರಿಯಾಗಿಯೇ ಸಿಗುತ್ತದೆ, ಹಾಗಾಗಿ ಪ್ರೋಗ್ರಾಂ ಅನುಮಾನಪಡುವುದಿಲ್ಲ. ಮೊದಲ ಸಂದೇಶದ ತಲೆ ಮಾತ್ರ 24 ಬೈಟ್ ಆಚೆ ಸಿಗುತ್ತದೆ.

ಡಿಸ್ಕ್‌ಗೆ ಹೋಗದ ಚರಾಂಶಗಳಲ್ಲೂ ಇದೇ ರೋಗ ಇದೆ, ಇದು ಇನ್ನೂ ಕಳ್ಳ. ಜಾಮ್‌ನಲ್ಲಿ ನಿಮಗೆ ಬಂದ ಪತ್ರ ಹುಡುಕುವುದು ಹೆಸರಿನ ಸಿಆರ್‌ಸಿ-32 (ಅಕ್ಷರಗಳಿಂದ ಲೆಕ್ಕ ಹಾಕಿದ 32 ಬಿಟ್‌ನ ಗುರುತುಸಂಖ್ಯೆ) ಮೂಲಕ. ಆ ಸಿಆರ್‌ಸಿಯನ್ನು 64 ಬಿಟ್ ಆಗಿಬಿಟ್ಟ ಲಾಂಗ್‌ನಲ್ಲಿ ಮೈನಸ್ 1ರಿಂದ ಶುರುಮಾಡಿದರೆ ಮೇಲಿನ 32 ಬಿಟ್‌ಗಳೂ ಒಂದಾಗಿರುತ್ತವೆ, ಬಲಕ್ಕೆ ಸರಿಸುವಾಗ ಅವು ಕೆಳಗಿಳಿದು ಲೆಕ್ಕದಲ್ಲಿ ಬೆರೆಯುತ್ತವೆ. ಡಿಸ್ಕ್‌ನಿಂದ ಓದಿದ ಸಂಖ್ಯೆಗೆ ಅದು ಎಂದೂ ತಾಳೆಯಾಗದು. ಬಳಕೆದಾರರಿಗೆ ಕಾಣುವುದು "ನಿಮಗೆ ಪತ್ರವಿಲ್ಲ" ಎಂಬ ಸಾಲು, ಎರರ್ ಅಲ್ಲ. ಅನ್‌ಸೈನ್ಡ್ ಇಂಟ್ 65535 ದಾಟಿ ಸೊನ್ನೆಗೆ ಸುತ್ತಿಕೊಳ್ಳುತ್ತದೆ ಎಂದು ನಂಬಿದ ಪಾಸ್‌ವರ್ಡ್ ಹ್ಯಾಶ್‌ಗಳೂ ಹೀಗೇ ಕೆಡುತ್ತವೆ. ಅಂಥ ಕಡೆ 16 ಬಿಟ್ ವಿಧವನ್ನೇ ಉಳಿಸಿ.

ಚಾರ್ ಬಗ್ಗೆಯೂ ಒಂದು ಮಾತು. ಟರ್ಬೊ ಸಿಯಲ್ಲೂ ಎಕ್ಸ್86 ಲಿನಕ್ಸ್‌ನಲ್ಲೂ ಚಾರ್ ಋಣ ಸಂಖ್ಯೆ ಹಿಡಿಯುತ್ತದೆ, ಆರ್ಮ್ ಲಿನಕ್ಸ್‌ನಲ್ಲಿ ಹಿಡಿಯುವುದಿಲ್ಲ. ಕಡತ ಮುಗಿಯಿತೇ ಎಂದು ಚಾರ್‌ನಲ್ಲಿ ಮೈನಸ್ 1 ಹುಡುಕುವ ಲೂಪ್ ಡೆಸ್ಕ್‌ಟಾಪಿನಲ್ಲಿ ನಿಲ್ಲುತ್ತದೆ, ಪುಟ್ಟ ಆರ್ಮ್ ಬೋರ್ಡಿನಲ್ಲಿ ಎಂದೂ ನಿಲ್ಲುವುದಿಲ್ಲ. ಈ ಹಳೆಯ ಬಿಬಿಎಸ್‌ಗಳನ್ನು ಅಂಥ ಬೋರ್ಡ್‌ಗಳ ಮೇಲೆ ನಡೆಸುವವರೂ ಇದ್ದಾರೆ, ಆದ್ದರಿಂದ ಎರಡೂ ಕಡೆ ಪರೀಕ್ಷಿಸಿ.

ನಿಮ್ಮ ಬಿಬಿಎಸ್ ಟರ್ಬೊ ಪ್ಯಾಸ್ಕಲ್‌ನದಾದರೆ ಫ್ರೀ ಪ್ಯಾಸ್ಕಲ್ ಅರ್ಧ ದಾರಿ ಹೊತ್ತುಕೊಂಡು ಹೋಗುತ್ತದೆ. ಟಿಪಿ ಮೋಡ್‌ನಲ್ಲಿ ಇಂಟಿಜರ್ 2 ಬೈಟ್ ಆಗಿಯೇ ಉಳಿಯುತ್ತದೆ, ಸ್ಟ್ರಿಂಗ್‌ನ ಮೊದಲ ಬೈಟ್ ಉದ್ದವೇ. ರೆಕಾರ್ಡ್ ಪ್ಯಾಕ್ ಆಗಿದೆಯೇ, ಎನ್ಯುಮರೇಟೆಡ್ ವಿಧ 1 ಬೈಟೇ ಎಂದು ಸೈಜ್‌ಆಫ್ ಹಾಕಿ ಖಚಿತ ಮಾಡಿಕೊಳ್ಳಿ. ದೊಡ್ಡ ಬಲೆ ಎಂದರೆ ರಿಯಲ್. ಟರ್ಬೊ ಪ್ಯಾಸ್ಕಲ್‌ನ ರಿಯಲ್ 6 ಬೈಟ್‌ನ ತನ್ನದೇ ರೂಪ, ಇವತ್ತಿನ ಪ್ರೊಸೆಸರ್‌ಗಳಿಗೆ ಅದು ಗೊತ್ತಿಲ್ಲ. ಫ್ರೀ ಪ್ಯಾಸ್ಕಲ್‌ನಲ್ಲಿ ರಿಯಲ್ ಎಂದರೆ 8 ಬೈಟ್‌ನ ಡಬಲ್. ಡಿಸ್ಕ್ ರೆಕಾರ್ಡ್‌ನಲ್ಲಿ ರಿಯಲ್48 ಇಟ್ಟು, ಓದುವಾಗ ಡಬಲ್‌ಗೆ ಪರಿವರ್ತಿಸಿ.

ಈ ಹಂತದಲ್ಲಿ ಬಿಬಿಎಸ್ ಅನ್ನು ಓಡಿಸಲೇಬೇಡಿ. ಎರಡು ಪುಟ್ಟ ಉಪಕರಣ ಬರೆದುಕೊಳ್ಳಿ. ಒಂದು, ಕಡತ ಓದಿ ಪಠ್ಯವಾಗಿ ಮುದ್ರಿಸುವುದು. ಇನ್ನೊಂದು, ಓದಿದ್ದನ್ನು ಹೊಸ ಕಡತಕ್ಕೆ ಹಾಗೆಯೇ ಬರೆಯುವುದು. ಹಳೆಯದು ಹೊಸದು ಎರಡನ್ನೂ ಬೈಟ್ ಬೈಟ್ ಹೋಲಿಸುವ ಸಿಎಂಪಿ ಕಮಾಂಡಿಗೆ ಕೊಡಿ. ಒಂದು ಬೈಟ್ ವ್ಯತ್ಯಾಸವಿದ್ದರೂ ಮುಂದೆ ಹೋಗಬೇಡಿ. ಡೇಟಾ ರೂಪವನ್ನು ಈಗಲೇ ಆಧುನಿಕಗೊಳಿಸೋಣ, ಒಂದು ಡೇಟಾಬೇಸ್‌ಗೆ ಹಾಕೋಣ ಎಂಬ ಆಸೆ ಬರುತ್ತದೆ. ತಡೆಯಿರಿ. ಹಳೆಯ ರೂಪ ಉಳಿದಿರುವಷ್ಟು ದಿನ ಅದೇ ಕಡತವನ್ನು ಡಾಸ್ ಎಮ್ಯುಲೇಟರ್‌ನಲ್ಲಿ ಮೂಲ ಪ್ರೋಗ್ರಾಮಿಗೆ ಕೊಟ್ಟು ಹೋಲಿಸಬಹುದು. ನಿಮಗಿರುವ ಏಕೈಕ ಸಾಕ್ಷಿ ಅದು.

ಸಮಯದ ಲೆಕ್ಕವೂ ಕಡತದ ಜೊತೆಗೇ ಬರುತ್ತದೆ. ವರ್ಷಕ್ಕೆ ಮುಂದೆ 19 ಅಂಟಿಸುವ ಕೋಡ್ 2024ನ್ನು 19124 ಎಂದು ತೋರಿಸುತ್ತದೆ, ಅದು ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳದ್ದು ಬೋರ್ಲೆಂಡ್ ಕಂಪೈಲರ್‌ನ ಅಭ್ಯಾಸ: ಟಿಝಡ್ ಎಂಬ ಎನ್ವಿರಾನ್‌ಮೆಂಟ್ ಚರಾಂಶ ಇಲ್ಲದಿದ್ದರೆ ಅದು ಅಮೆರಿಕದ ಪೂರ್ವ ಕರಾವಳಿಯ ಸಮಯವೆಂದೇ ಊಹಿಸುತ್ತಿತ್ತು. ಹಾಗಾಗಿ ಜಗತ್ತಿನ ಯಾವ ಮೂಲೆಯಲ್ಲಿ ಓಡಿದ ಬಿಬಿಎಸ್ ಆದರೂ ಅದರ ಹಳೆಯ ಸಂದೇಶಗಳ ಸಮಯದಲ್ಲಿ 5 ಗಂಟೆ ಕೂಡಿರಬಹುದು. ಒಂದು ಸಂದೇಶದ ಪಠ್ಯದೊಳಗೆ ಬರೆದ ಸಮಯವನ್ನು ಅದರ ರೆಕಾರ್ಡ್‌ನ ಸಮಯಕ್ಕೆ ಹೋಲಿಸಿದರೆ ಗೊತ್ತಾಗುತ್ತದೆ. 32 ಬಿಟ್ ಸಮಯ 2038ರ ಜನವರಿ 19ಕ್ಕೆ ಮುಗಿಯುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಆ ಜಾಗವನ್ನು ಧನ ಸಂಖ್ಯೆಯಾಗಿ ಮಾತ್ರ ಓದಿದರೆ ರೆಕಾರ್ಡ್ ಅಳತೆ ಮುಟ್ಟದೆ 2106ರವರೆಗೆ ತಳ್ಳಬಹುದು.

ಇನ್ನು ಕಡತದ ಹೆಸರುಗಳು. ಕಾನ್ಫಿಗರೇಶನ್ ಒಳಗೆ ಸಿ ಡ್ರೈವ್, ಹಿಂಬಾಗಿದ ಗೆರೆಗಳ (ಬ್ಯಾಕ್‌ಸ್ಲ್ಯಾಶ್) ದಾರಿ ಇರುತ್ತದೆ. ಡೇಟಾ ತಿದ್ದಬೇಡಿ, ಕಡತ ತೆರೆಯುವ ಒಂದೇ ಒಂದು ಫಂಕ್ಷನ್ ಬರೆದು ಎಲ್ಲ ಓಪನ್‌ಗಳನ್ನೂ ಅದರ ಮೂಲಕ ಹಾಯಿಸಿ. ಡ್ರೈವ್ ಅಕ್ಷರವನ್ನು ಒಂದು ಮೂಲ ಡೈರೆಕ್ಟರಿಗೆ ಹೊಂದಿಸುವುದು, ಗೆರೆ ತಿರುಗಿಸುವುದು, ಹೆಸರು ಸಿಗದಿದ್ದರೆ ಅಕ್ಷರಭೇದ ಬಿಟ್ಟು ಡೈರೆಕ್ಟರಿಯಲ್ಲಿ ಹುಡುಕುವುದು, ಇಷ್ಟನ್ನೂ ಅದೇ ಮಾಡಲಿ. ನಕ್ಷತ್ರ-ಚುಕ್ಕೆ-ನಕ್ಷತ್ರ ಡಾಸ್‌ನಲ್ಲಿ ಎಲ್ಲ ಕಡತಗಳಿಗೂ ಹೊಂದುತ್ತಿತ್ತು. ಯುನಿಕ್ಸ್‌ನಲ್ಲಿ ಹೆಸರು ಹೊಂದಿಸಿ ನೋಡುವ ಎಫ್‌ಎನ್‌ಮ್ಯಾಚ್‌ನಲ್ಲಿ ಹೆಸರಿನೊಳಗೆ ನಿಜವಾಗಿಯೂ ಚುಕ್ಕೆ ಇದ್ದರಷ್ಟೇ ಹೊಂದುತ್ತದೆ.

ಹಂಚಿಕೆಯ ವಿಷಯ ಇದಕ್ಕಿಂತ ಗಂಭೀರ. ಡಾಸ್‌ನಲ್ಲಿ ಶೇರ್ (ಕಡತ ಹಂಚಿಕೆ ಕಾಯುವ ಪ್ರೋಗ್ರಾಂ) ಲೋಡ್ ಆಗಿದ್ದಾಗ, ಇತರರಿಗೆ ಬರೆಯಲು ಬಿಡಬೇಡ ಎಂದು ತೆರೆದ ಕಡತವನ್ನು ಇನ್ನೊಂದು ನೋಡ್ (ಒಬ್ಬ ಬಳಕೆದಾರನಿಗೆ ಒಂದರಂತೆ ಓಡುವ ಬಿಬಿಎಸ್ ಪ್ರತಿ) ಬರೆಯಲು ತೆರೆಯಹೋದರೆ ಓಪನ್ ಸೋಲುತ್ತಿತ್ತು. ಕೋಡ್ ಸ್ವಲ್ಪ ಕಾದು ಮತ್ತೆ ಯತ್ನಿಸುತ್ತಿತ್ತು. ಯುನಿಕ್ಸ್‌ನಲ್ಲಿ ಓಪನ್ ಗೆಲ್ಲುತ್ತದೆ, ಯಾರೂ ಕಾಯುವುದಿಲ್ಲ, ಇಬ್ಬರೂ ಒಟ್ಟಿಗೆ ಬರೆಯುತ್ತಾರೆ. ಎಫ್‌ಸಿಎನ್‌ಟಿಎಲ್ ಲಾಕ್ ಹಾಕಿದರೆ ಸಾಕಲ್ಲವೇ ಎಂದರೆ, ಅದಕ್ಕೊಂದು ಕೆಟ್ಟ ಗುಣವಿದೆ: ಅದೇ ಪ್ರೊಸೆಸ್ ಅದೇ ಕಡತವನ್ನು ಬೇರೆಲ್ಲೋ ಇನ್ನೊಮ್ಮೆ ತೆರೆದು ಮುಚ್ಚಿದರೂ ಲಾಕ್ ಬಿಟ್ಟುಹೋಗುತ್ತದೆ. ಬಳಕೆದಾರರ ರೆಕಾರ್ಡ್ ಹಿಡಿದುಕೊಂಡು ನಡುವೆ ಹೆಸರು ಹುಡುಕುವ ಇನ್ನೊಂದು ಫಂಕ್ಷನ್ ಕರೆಯುವುದು ಬಿಬಿಎಸ್‌ಗಳಲ್ಲಿ ದಿನನಿತ್ಯದ ಮಾತು, ಅದು ಕಡತ ತೆರೆದು ಮುಚ್ಚಿಯೇ ಮುಚ್ಚುತ್ತದೆ. ಎಫ್‌ಲಾಕ್ ಬಳಸಿ. ಅದು ಇಡೀ ಕಡತವನ್ನು ಹಿಡಿಯುತ್ತದೆ, ಒಂದು ರೆಕಾರ್ಡನ್ನಷ್ಟೇ ಹಿಡಿಯಲು ಬಾರದು, ಆದರೆ ಕೆಲವೇ ಮಂದಿ ಬರುವ ಬೋರ್ಡಿಗೆ ಅದೇನೂ ಹೊರೆಯಲ್ಲ. ನೋಡ್ ಸಂಖ್ಯೆ ಹಂಚಲೂ ಇದೇ ಉಪಾಯ: ನೋಡ್‌ಗೊಂದು ಲಾಕ್ ಕಡತ, ಮೊದಲು ಹಿಡಿಯಲು ಸಿಕ್ಕಿದ್ದು ನಿಮ್ಮ ನೋಡ್. ಪ್ರೊಸೆಸ್ ಸತ್ತರೆ ಕರ್ನಲ್ ತಾನೇ ಬಿಡಿಸುತ್ತದೆ.

ಈಗ ತಂತಿ. ಡಾಸ್ ಬಿಬಿಎಸ್ ಮೋಡೆಮ್ ಜೊತೆ ಮಾತಾಡುತ್ತಿದ್ದದ್ದು ನೇರವಾಗಿ, ಇಲ್ಲವೇ ಫಾಸಿಲ್ ಡ್ರೈವರ್ (ಬಿಬಿಎಸ್‌ಗೂ ಸೀರಿಯಲ್ ಪೋರ್ಟಿಗೂ ನಡುವೆ ಕೂರುವ ಪುಟ್ಟ ಪ್ರೋಗ್ರಾಂ) ಮೂಲಕ. ಫಾಸಿಲ್ ಇದ್ದರೆ ನಿಮ್ಮ ಪುಣ್ಯ. ಹೆಕ್ಸ್ 14ನೇ ಇಂಟರಪ್ಟ್‌ನ ಬೆರಳೆಣಿಕೆಯ ಕೆಲಸಗಳು ಅವು: 1 ಬೈಟ್ ಕಳಿಸು, 2 ಬೈಟ್ ತೆಗೆದುಕೋ, 3 ಸ್ಥಿತಿ ಹೇಳು, 4 ತೆರೆ, 5 ಮುಚ್ಚು, 6 ಡಿಟಿಆರ್ (ಮೋಡೆಮ್‌ಗೆ ನಾನು ಸಿದ್ಧ ಎನ್ನುವ ತಂತಿ) ಏರಿಸು ಇಳಿಸು. ಇಷ್ಟನ್ನೇ ಸಾಕೆಟ್ ಮೇಲೆ ಬರೆದುಬಿಟ್ಟರೆ ಮೇಲಿನ ಕೋಡ್‌ಗೆ ಏನೂ ತಿಳಿಯುವುದಿಲ್ಲ. ಸ್ಥಿತಿ ಕೇಳಿದಾಗ ಲೈನ್ ಇದೆ ಎನ್ನುವ ಕ್ಯಾರಿಯರ್ ಬಿಟ್ ಕೊಡಬೇಕಲ್ಲ, ರೀಡ್ ಸೊನ್ನೆ ಕೊಟ್ಟ ಕ್ಷಣ ಆ ಬಿಟ್ ಇಳಿಸಿ. ಹಳೆಯ ಕೋಡ್‌ನಲ್ಲಿ ಲೈನ್ ಕಡಿದಾಗ ಅಚ್ಚುಕಟ್ಟಾಗಿ ಲಾಗಾಫ್ ಮಾಡುವ ದಾರಿ ಆಗಲೇ ಇದೆ, ಅದನ್ನೇ ನಡೆಯಲು ಬಿಡಿ. ಸಿಗ್‌ಪೈಪ್ ಸಿಗ್ನಲ್ ಕಡೆಗಣಿಸುವುದು ಮರೆಯಬೇಡಿ. ಇಲ್ಲದಿದ್ದರೆ ಕಡಿದ ಸಾಕೆಟ್‌ಗೆ ಬರೆಯುತ್ತಾ ಹೋದರೆ ಪ್ರೊಸೆಸ್ ಸಾಯುತ್ತದೆ, ರೆಕಾರ್ಡ್ ಅರ್ಧ ಬರೆದ ಜಾಗದಲ್ಲಿ.

ಆಚೆಯ ಯಂತ್ರ ಸದ್ದಿಲ್ಲದೆ ಮಾಯವಾದರೆ ರೀಡ್ ಸೊನ್ನೆಯನ್ನೂ ಕೊಡುವುದಿಲ್ಲ. ಲಿನಕ್ಸ್‌ನಲ್ಲಿ ಟಿಸಿಪಿ ಕೀಪ್‌ಅಲೈವ್ ಚಾಲೂ ಮಾಡಿದರೂ ಮೊದಲ ವಿಚಾರಣೆ 7200 ಸೆಕೆಂಡ್ ಆದಮೇಲೆ. ಅಷ್ಟರತನಕ ಆ ನೋಡ್ ಹಿಡಿದೇ ಇರುತ್ತದೆ. ಆದ್ದರಿಂದ ಬಿಬಿಎಸ್‌ನ ಸ್ವಂತ ಐಡಲ್ ಗಡಿಯಾರ ಬೇಕೇ ಬೇಕು, ಅಲ್ಲೇ ಇನ್ನೊಂದು ಊಹೆ ಅಡಗಿದೆ. ಪಿಸಿಯ ಬಯಾಸ್ ಗಡಿಯಾರ ಸೆಕೆಂಡಿಗೆ 18.2 ಸಲ ಬಡಿಯುತ್ತಿತ್ತು. ಸೋರ್ಸ್‌ನಲ್ಲಿ 1092 ಎಂಬ ಸಂಖ್ಯೆ ಕಂಡರೆ ಅದು ಒಂದು ನಿಮಿಷ, 1573040 ಕಂಡರೆ ಒಂದು ದಿನ. ಮಧ್ಯರಾತ್ರಿ ಸೊನ್ನೆಗೆ ಮರಳುವ ಆ ಲೆಕ್ಕವನ್ನೆಲ್ಲ ಕಿತ್ತು ಮಾನೊಟಾನಿಕ್ ಗಡಿಯಾರ ಹಾಕಿ. ಕೀ ಬಂತೇ, ಬಂತೇ ಎಂದು ಖಾಲಿ ಸುತ್ತುವ ಲೂಪ್‌ಗಳನ್ನೂ ಪೋಲ್‌ಗೆ ಬದಲಿಸಿ. ಇಲ್ಲದಿದ್ದರೆ ಒಬ್ಬರು ಮೆನು ಮುಂದೆ ಸುಮ್ಮನೆ ಕೂತಿದ್ದರೂ ಒಂದು ಕೋರ್ ಪೂರ್ತಿ ಬಿಸಿ.

ಟೆಲ್ನೆಟ್‌ನಲ್ಲಿ 255 ವಿಶೇಷ ಬೈಟ್. ಶುರುವಿನಲ್ಲಿ 255 251 1 ಮತ್ತು 255 251 3 ಕಳಿಸಿ: ಎಕೋ ನಾನು ಮಾಡುತ್ತೇನೆ, ಸಾಲು ತುಂಬುವತನಕ ಕಾಯಬೇಡ. ಅಷ್ಟಾದ ಮೇಲೆ ಡೇಟಾದಲ್ಲಿ ಬರುವ ಪ್ರತಿ 255ನ್ನೂ ಎರಡು ಸಲ ಕಳಿಸಬೇಕು. ಎಂಟರ್ ಒತ್ತಿದರೆ 13 ಒಂದೇ ಬರಬಹುದು, 13 10 ಬರಬಹುದು, 13 0 ಬರಬಹುದು. ಮೂರನ್ನೂ ಒಂದೇ 13 ಎಂದು ಓದಿ. ಇಲ್ಲದಿದ್ದರೆ ಹೆಸರು ಕೊಟ್ಟ ಕೂಡಲೇ ಖಾಲಿ ಪಾಸ್‌ವರ್ಡ್ ತಾನಾಗಿ ಹೋಗುತ್ತದೆ. ಬ್ಯಾಕ್‌ಸ್ಪೇಸ್ 8 ಆಗಿಯೂ 127 ಆಗಿಯೂ ಬರುತ್ತದೆ.

ಕಡತ ವರ್ಗಾವಣೆ ಕೆಟ್ಟರೆ ಬಹುಪಾಲು ಸಲ ತಪ್ಪಿತಸ್ಥ ಈ 255 ಅಥವಾ 13. ಎಕ್ಸ್‌ಮೋಡೆಮ್‌ನ ಒಂದು ಪೊಟ್ಟಣ 132 ಬೈಟ್: ಶುರುವಿನ 1, ಕ್ರಮಸಂಖ್ಯೆ, 255ರಿಂದ ಅದನ್ನು ಕಳೆದ ಸಂಖ್ಯೆ, 128 ಬೈಟ್ ಡೇಟಾ, ಒಂದು ಚೆಕ್‌ಸಮ್. ಸೊನ್ನೆ ಸಂಖ್ಯೆಯ ಪೊಟ್ಟಣಕ್ಕೆ ಪೂರಕವೇ 255. ಕ್ರಮಸಂಖ್ಯೆ 1ರಿಂದ ಶುರುವಾಗಿ 255 ಮುಟ್ಟಿ ಸೊನ್ನೆಗೆ ಸುತ್ತುತ್ತದೆ, ಹಾಗಾಗಿ ಪಠ್ಯ ಕಡತವೂ, ನಡುವೆ ಚೆಕ್‌ಸಮ್ 255 ಬಂದು ಮೊದಲೇ ಕೆಡದಿದ್ದರೆ, 254 ಪೊಟ್ಟಣ ಚೆನ್ನಾಗಿ ಬಂದು 255ನೆಯದರಲ್ಲಿ, ಅಂದರೆ ಸುಮಾರು 32 ಕಿಲೋಬೈಟ್ ಹತ್ತಿರ ಸಿಕ್ಕಿಹಾಕಿಕೊಳ್ಳುತ್ತದೆ. ಅಲ್ಲೇ ನಿಲ್ಲುತ್ತಿದ್ದರೆ ಕಾರಣ ಹುಡುಕಲು ಬೇರೆಲ್ಲೂ ಹೋಗಬೇಡಿ. ಎರಡೂ ದಿಕ್ಕಿಗೆ ಟೆಲ್ನೆಟ್‌ನ ಬೈನರಿ ಆಯ್ಕೆ, ಅಂದರೆ 0, ಒಪ್ಪಿಸಿಕೊಂಡರೆ 13ರ ಕಾಟ ತಪ್ಪುತ್ತದೆ, ಆದರೆ 255 ಆಗಲೂ ಜೋಡಿಯಾಗಿಯೇ ಹೋಗಬೇಕು.

ಝಡ್‌ಮೋಡೆಮ್ ಎಂಬ ಇನ್ನೊಂದು ವರ್ಗಾವಣೆ ವಿಧಾನವನ್ನು ನೀವೇ ಬರೆಯಬೇಡಿ, ಅದಕ್ಕೆ ಎಲ್‌ಆರ್‌ಝಡ್‌ಎಸ್‌ಝಡ್ ಎಂಬ ಸಿದ್ಧ ಉಪಕರಣ ಇದೆ. ಅದನ್ನು ನೇರ ಸಾಕೆಟ್‌ಗೆ ಅಂಟಿಸಿದರೆ 255 ಜೋಡಿ ಮಾಡುವವರು ಯಾರು? ನಡುವೆ ಪೈಪ್ ಇಟ್ಟು ನಿಮ್ಮ ಪ್ರೊಸೆಸ್ ಆ ಕೆಲಸ ಮಾಡಲಿ. ಪೈಪ್ ಬದಲು ಪಿಟಿವೈ (ಟರ್ಮಿನಲ್‌ನಂತೆ ನಟಿಸುವ ಕೊಂಡಿ) ಇಟ್ಟರೆ ಅದನ್ನು ಮೊದಲು ರಾ ಮೋಡ್‌ಗೆ ಹಾಕಿ, ಇಲ್ಲವಾದರೆ ಟರ್ಮಿನಲ್ ಪದರ 10ನ್ನು 13 10 ಮಾಡಿಬಿಡುತ್ತದೆ.

ಅಪ್‌ಲೋಡ್ ಎಂದಾಗ ಭದ್ರತೆ. ಬಂದ ಆರ್ಕೈವ್ ಪರೀಕ್ಷಿಸಲು ಹಳೆಯ ಕೋಡ್ ಕಡತದ ಹೆಸರನ್ನು ಒಂದು ಸಾಲಿಗೆ ಪೋಣಿಸಿ ಸಿಸ್ಟಮ್ ಫಂಕ್ಷನ್‌ಗೆ ಕೊಡುತ್ತದೆ. ಡಾಸ್‌ನ ಕಮಾಂಡ್‌ಗೆ ಅರ್ಧವಿರಾಮ ಹೊಸ ಆಜ್ಞೆಯ ಗುರುತಲ್ಲ. ಯುನಿಕ್ಸ್ ಶೆಲ್‌ಗೆ ಅದು ಹೊಸ ಆಜ್ಞೆ. ಬಳಕೆದಾರ ಇಟ್ಟ ಹೆಸರೇ ನಿಮ್ಮ ಯಂತ್ರದಲ್ಲಿ ಆಜ್ಞೆಯಾಗಿ ಓಡುತ್ತದೆ. ಸಿಸ್ಟಮ್ ಕರೆಗಳನ್ನೆಲ್ಲ ಫೋರ್ಕ್ ಮತ್ತು ಎಕ್ಸೆಕ್‌ಗೆ ಬದಲಿಸಿ, ಇದರಲ್ಲಿ ವಿನಾಯಿತಿ ಇಲ್ಲ. 23ನೇ ಪೋರ್ಟ್ ಬೇಕೆಂದು ರೂಟ್ ಆಗಿ ಓಡಿಸುವುದೂ ಬೇಡ. ಲಿನಕ್ಸ್‌ನಲ್ಲಿ ಆ ಒಂದು ಹಕ್ಕನ್ನಷ್ಟೇ ಸೆಟ್‌ಕ್ಯಾಪ್‌ನಿಂದ ಕೊಡಬಹುದು.

ಪರದೆಗೆ ಬರೋಣ. ಡಾಸ್‌ನ ಅಕ್ಷರಗಳು ಕೋಡ್‌ಪೇಜ್ 437ರವು. ತುಂಬಿದ ಚೌಕ 219, ಅಡ್ಡಗೆರೆ 196. ಯುಟಿಎಫ್-8ರಲ್ಲಿ ಇಂಥ ಒಂದೊಂದೂ 3 ಬೈಟ್. ಸಂದೇಶ, ಮೆನು ಎಲ್ಲವನ್ನೂ 437ರಲ್ಲೇ ಇಟ್ಟುಕೊಂಡು, ಹೊರಗೆ ಹೋಗುವ ಕಟ್ಟಕಡೆಯ ಬಾಗಿಲಲ್ಲಿ ಮಾತ್ರ ಪರಿವರ್ತಿಸಿ. ನಡುವೆಯೇ ಪರಿವರ್ತಿಸಿದರೆ 80 ಅಂಕಣದ ಸಾಲು 240 ಬೈಟ್ ಆಗುತ್ತದೆ, ಬೈಟ್ ಎಣಿಸಿ ಸಾಲು ಮುರಿಯುವ ಹಳೆಯ ಕೋಡ್ ಎಲ್ಲೆಂದರಲ್ಲಿ ಕತ್ತರಿಸುತ್ತದೆ. ಅಕ್ಷರಸಂಕೇತ ಪರಿವರ್ತಿಸುವ ಐಕಾನ್ವ್ ಸಾಲದು: 1ರಿಂದ 31ರ ಬೈಟ್‌ಗಳಿಗೆ ಡಾಸ್ ಪರದೆ ನಗುಮುಖ, ಬಾಣ ತೋರಿಸುತ್ತಿತ್ತು, ಐಕಾನ್ವ್ ಅವನ್ನು ನಿಯಂತ್ರಣ ಸಂಕೇತವಾಗಿಯೇ ಬಿಡುತ್ತದೆ. 256 ಮನೆಗಳ ಸ್ವಂತ ಕೋಷ್ಟಕ ಬರೆಯಿರಿ, ಅರ್ಧ ಗಂಟೆಯ ಕೆಲಸ. 7, 8, 10, 13, 27 ಇವನ್ನು ಮಾತ್ರ ಹಾಗೇ ಬಿಡಿ.

ಅಕ್ಷರ ಮತ್ತು ಬಣ್ಣದ ಸಂಕೇತಗಳಿಂದ ಬರೆದ ಆನ್ಸಿ ಚಿತ್ರಗಳು ಕೆಡುವುದು ಎರಡು ಕಾರಣಕ್ಕೆ. ಪರದೆ ಅಳಿಸುವ ಸಂಕೇತ, ಎಸ್ಕೇಪ್ ಚೌಕಾವರಣ 2 ಜೆ, ಡಾಸ್‌ನ ಆನ್ಸಿ ಡ್ರೈವರ್‌ನಲ್ಲಿ ಕರ್ಸರ್ ಅನ್ನು ಮೇಲಿನ ಎಡ ಮೂಲೆಗೂ ಒಯ್ಯುತ್ತಿತ್ತು. ಎಕ್ಸ್‌ಟರ್ಮ್ ಅಳಿಸುತ್ತದೆ, ಕರ್ಸರ್ ಇದ್ದಲ್ಲೇ. ಹಾಗಾಗಿ ಚಿತ್ರ ಪರದೆಯ ನಡುವಿನಿಂದ ಶುರು. ಅದರ ಬೆನ್ನಿಗೇ ಎಸ್ಕೇಪ್ ಚೌಕಾವರಣ ಎಚ್ ಸೇರಿಸಿ. ಎರಡನೆಯದು 80ನೇ ಅಂಕಣ. ಡಾಸ್‌ನಲ್ಲಿ ಅಲ್ಲಿ ಅಕ್ಷರ ಬಿದ್ದ ಕೂಡಲೇ ಕರ್ಸರ್ ಕೆಳಗಿಳಿಯುತ್ತಿತ್ತು. ಕಲಾವಿದರು ತುಂಬಿದ ಸಾಲಿನ ಕೊನೆಗೆ 13 10 ಹಾಕುತ್ತಲೇ ಇರಲಿಲ್ಲ. 120 ಅಂಕಣದ ಕಿಟಕಿಯಲ್ಲಿ ಆ ಚಿತ್ರ ಪೂರ್ತಿ ಚೆಲ್ಲಾಪಿಲ್ಲಿ. ಬಿಬಿಎಸ್ ಒಳಗೇ 80ಕ್ಕೆ 25ರ ಒಂದು ಕಾಲ್ಪನಿಕ ಪರದೆ ಇಟ್ಟುಕೊಂಡು, 80 ತುಂಬಿದಾಗ ನೀವೇ ಸಾಲು ಮುರಿಯುವುದು ಇದಕ್ಕೆ ನಿಜವಾದ ಮದ್ದು. ಚಿತ್ರದ ಬಾಲದಲ್ಲಿ ಸಾಸ್ ಎಂಬ 128 ಬೈಟ್ ಮಾಹಿತಿ ಇರುತ್ತದೆ, ಅದಕ್ಕೂ ಮುಂಚೆ 26 ಎಂಬ ಬೈಟ್. 26 ಕಂಡಲ್ಲಿ ನಿಲ್ಲಿಸದಿದ್ದರೆ ಚಿತ್ರದ ಕೆಳಗೆ ಕಲಾವಿದನ ಹೆಸರು ಕಸದ ಜೊತೆ ಬೀಳುತ್ತದೆ.

ಡೋರ್ ಆಟಗಳ (ಬಿಬಿಎಸ್ ತನ್ನ ಬಳಕೆದಾರರಿಗೆ ಓಡಿಸಿಕೊಡುವ ಹೊರಗಿನ ಪ್ರೋಗ್ರಾಂಗಳು) ಬಗ್ಗೆ ಪ್ರಶ್ನೆ ಬಂದೇ ಬರುತ್ತದೆ. ಅವುಗಳಲ್ಲಿ ಹೆಚ್ಚಿನವುಗಳ ಸೋರ್ಸ್ ಸಿಗುವುದಿಲ್ಲ, ಆದ್ದರಿಂದ ಡಾಸ್‌ಎಮು ಎಂಬ ಎಮ್ಯುಲೇಟರ್ ಒಳಗೆ ಓಡಿಸಬೇಕು. ಸರಪಳಿ ಹೀಗೆ: ಸಾಕೆಟ್, ನಿಮ್ಮ ಬಿಬಿಎಸ್, ಪಿಟಿವೈ, ಎಮ್ಯುಲೇಟರ್‌ನ ಕಾಮ್1, ಒಳಗೆ ಒಂದು ಫಾಸಿಲ್ ಡ್ರೈವರ್, ಆಮೇಲೆ ಆಟ. ಬಳಕೆದಾರರ ವಿವರವನ್ನು ಆಟಕ್ಕೆ ದಾಟಿಸುವ ಡೋರ್.ಸಿಸ್ ಕಡತ 52 ಸಾಲು, ಪ್ರತಿ ಸಾಲಿಗೂ 13 10 ಇರಲೇಬೇಕು. 10 ಒಂದನ್ನೇ ಬರೆದರೆ ಟರ್ಬೊ ಪ್ಯಾಸ್ಕಲ್‌ನ ರೀಡ್‌ಎಲ್‌ಎನ್ ಸಾಲಿನ ಅಂತ್ಯ ಕಾಣದೆ ಕಡತವನ್ನೆಲ್ಲ ಒಂದೇ ಸಾಲೆಂದು ನುಂಗುತ್ತದೆ. ವೇಗದ ಜಾಗದಲ್ಲಿ 19200 ಹಾಕಿ. 115200 ಹಾಕಿದರೆ 16 ಬಿಟ್‌ನಲ್ಲಿ ಅದು ಮೈನಸ್ 15872 ಆಗಬಹುದು, ಸೊನ್ನೆ ಹಾಕಿದರೆ ವೇಗದಿಂದ ಭಾಗಿಸುವ ಆಟ ಅಲ್ಲೇ ಬೀಳುತ್ತದೆ. ಏನೂ ಮಾಡದೆ ಶುರುವಿನಲ್ಲೇ ರನ್‌ಟೈಮ್ ಎರರ್ 200 ಬಂದರೆ ತಪ್ಪು ನಿಮ್ಮದಲ್ಲ. ಟರ್ಬೊ ಪ್ಯಾಸ್ಕಲ್‌ನ ಸಿಆರ್‌ಟಿ ಯೂನಿಟ್ ಯಂತ್ರದ ವೇಗ ಅಳೆಯುವಾಗ ಭಾಗಲಬ್ಧ ತನ್ನ 16 ಬಿಟ್‌ನಲ್ಲಿ ಹಿಡಿಸದೆ ಬೀಳುವುದು ಅದು. ಎಮ್ಯುಲೇಟರ್ ನಿಧಾನಿಸಿ, ಇಲ್ಲವೇ ಆಟದ ಕಡತಕ್ಕೆ ಅದರ ಪ್ಯಾಚ್ ಹಾಕಿ.

ಕೊನೆಯದಾಗಿ ಕ್ರ್ಯಾಶ್‌ಗಳು. ಡಾಸ್‌ನಲ್ಲಿ ಮೆಮೊರಿಗೆ ಕಾವಲಿರಲಿಲ್ಲ. ನಲ್ ಪಾಯಿಂಟರ್‌ಗೆ ಬರೆದರೆ ಟರ್ಬೊ ಸಿ ಪ್ರೋಗ್ರಾಂ ಮುಗಿಯುವಾಗ ಒಂದು ಸಾಲು ಗೊಣಗಿ ಸುಮ್ಮನಾಗುತ್ತಿತ್ತು, ಅದೂ ಮೆಮೊರಿ ಮಾಡೆಲ್ ಚಿಕ್ಕದಿದ್ದರೆ. ಯುನಿಕ್ಸ್‌ನಲ್ಲಿ ಅಲ್ಲೇ ಸಾವು. ಉದ್ಧರಣ ಚಿಹ್ನೆಯೊಳಗಿನ ಸ್ಟ್ರಿಂಗ್ ಮೇಲೆ ಬರೆಯುವ ಕೋಡ್, ಒಂದೇ ಸ್ಟ್ರಿಂಗನ್ನು ಅದರ ಮೇಲೆಯೇ ಸರಿಸುವ ಎಸ್‌ಟಿಆರ್‌ಸಿಪಿವೈ ಇವೆಲ್ಲ ಅಲ್ಲಿ ನಡೆದುಹೋಗುತ್ತಿದ್ದವು. ಎರಡನೆಯದನ್ನು ಮೆಮ್‌ಮೂವ್ ಮಾಡಿ. ಮೊದಲ ದಿನದಿಂದಲೇ ಅಡ್ರೆಸ್ ಸ್ಯಾನಿಟೈಸರ್ ಜೊತೆ ಕಂಪೈಲ್ ಮಾಡಿದರೆ ಇವು ಸಾಲಿನ ಸಂಖ್ಯೆ ಸಮೇತ ಸಿಗುತ್ತವೆ. ಮೊದಲ ಬಾರಿ ಓಡಿಸಿದಾಗ ಮೆನುವಿಗೆ ತಲುಪುವ ಮೊದಲೇ ಹತ್ತಾರು ಸಿಗಬಹುದು. ಹೆದರಬೇಡಿ, ಅವು ಹಿಂದೆಯೂ ಇದ್ದವು.

ಶುರುಮಾಡಲು ಯಾವುದನ್ನು ಓದಬೇಕು ಎಂದು ಕೇಳಿದವರಿಗೆ: ಸಿಂಕ್ರೊನೆಟ್, ಡಬ್ಲ್ಯೂಡಬ್ಲ್ಯೂಐವಿ, ಮ್ಯಾಕ್ಸಿಮಸ್ ಮೂರೂ ಡಾಸ್‌ನಲ್ಲಿ ಬೆಳೆದು ಯುನಿಕ್ಸ್‌ಗೆ ಬಂದವು, ಮೂರರ ಸೋರ್ಸ್ ಕೂಡ ಮುಕ್ತವಾಗಿದೆ. ಸಿಂಕ್ರೊನೆಟ್‌ನ ಎಕ್ಸ್‌ಪಿಡೆವ್ ಲೈಬ್ರರಿಯಲ್ಲಿ ಈ ಕಡತ, ಲಾಕ್, ದಾರಿ ಹೆಸರಿನ ಹೊದಿಕೆಗಳು ಸಿದ್ಧವಾಗಿ ಕೂತಿವೆ. ಬೇರೆ ಯಾವುದೋ ಹಳೆಯ ಸೋರ್ಸ್ ಸಿಕ್ಕಿದ್ದರೆ ಅದರ ಲೈಸೆನ್ಸ್ ಮೊದಲು ನೋಡಿ. ಆ ಕಾಲದಲ್ಲಿ ನೋಂದಾಯಿಸಿದವರಿಗೆ ಸೋರ್ಸ್ ಮಾರುವ ಪದ್ಧತಿ ಇತ್ತು. ಸೋರ್ಸ್ ಕೈಲಿದ್ದ ಮಾತ್ರಕ್ಕೆ ತಿದ್ದಿ ಹಂಚುವ ಹಕ್ಕು ಬರುವುದಿಲ್ಲ.